ತದಡಿ ಐಸ್ ಮತ್ತು ಶೆಟ್ಲಿ ಸಾವಿತ್ರಿ

ನಮ್ಮ ಐಸ್ ಪ್ಲಾಂಟಿನ ಕಂಪ್ಯೂಟರಿನಲ್ಲಿ ಎರಡು ಕೆಲಸ ನಡೆಯುತ್ತದೆ. ಒಂದು, ಯಾವ ಬೋಟಿಗೆ ಎಷ್ಟು ಐಸ್ ಹೋಯಿತು ಎಂಬ ಲೆಕ್ಕ. ಅದಕ್ಕೆ ನನಗೆ ಸಂಬಳ ಬರುತ್ತದೆ. ಇನ್ನೊಂದು, ಅಂತರ್ಜಾಲದಿಂದ ಕಾಮಿಕ್ಸ್ ಇಳಿಸುವುದು. ಅದಕ್ಕೆ ನನಗೆ ಬರುವುದು ಬೈಗುಳ ಮಾತ್ರ. ಅಕ್ಷರ ಸಣ್ಣದಾಯಿತು, ಕಥೆ ಅರ್ಧಕ್ಕೇ ನಿಂತಿತು, ಹೋದ ಸಲದ್ದೇ ಮತ್ತೆ ಬಂತು. ಬಿಟ್ಟಿ ಸಿಕ್ಕಿದ್ದಕ್ಕೂ ಕೊಂಕು ತೆಗೆಯುವುದರಲ್ಲಿ ನಮ್ಮ ಬಂದರಿನವರನ್ನು ಮೀರಿಸುವವರಿಲ್ಲ.

ನಾನು ನೇತ್ರಾ. ಕುಮಟೆಯಿಂದ ದಿನಾ ಬಸ್ಸಿನಲ್ಲಿ ತದಡಿಗೆ ಬಂದು ಈ ಪ್ಲಾಂಟಿನ ಆಫೀಸಿನಲ್ಲಿ ಕೂರುತ್ತೇನೆ. ಆಫೀಸು ಎಂದರೆ ಒಂದು ಮೇಜು, ಒಂದು ಕಿಟಕಿ, ಮೂಗಿಗೆ ಸದಾ ಅಮೋನಿಯದ ಘಾಟು. ಆದರೆ ಕರೆಂಟು ಹೋಗುವ ಮಾತಿಲ್ಲ; ಹೋದರೆ ಐಸ್ ಕರಗುತ್ತದಲ್ಲ, ಜನರೇಟರ್ ತಕ್ಷಣ ಗುರ್ ಎನ್ನುತ್ತದೆ. ಬೋಟಿನವರು ಸಮುದ್ರಕ್ಕೆ ಇಳಿದರೆ ವಾರ, ಹತ್ತು ದಿನ ದಡ ಕಾಣುವುದಿಲ್ಲ. ಅಲ್ಲಿ ಫೋನಿಗೆ ನೆಟ್‌ವರ್ಕ್ ಇಲ್ಲ. ಬಲೆ ಬಿಟ್ಟು ಮತ್ತೆ ಎಳೆಯುವವರೆಗೆ ಸುಮ್ಮನೆ ಕೂತು ಒಬ್ಬರ ಮುಖ ಒಬ್ಬರು ನೋಡಬೇಕು. ಅದಕ್ಕೇ ಐಸ್ ತುಂಬಿಸಿಕೊಳ್ಳಲು ಬಂದಾಗ, ಕ್ರಷರಿನಿಂದ ಪುಡಿ ಐಸು ಬೋಟಿನ ಹೊಟ್ಟೆಗೆ ಬೀಳುತ್ತಿರುವಾಗ, ಇವರು ನಮ್ಮ ವೈಫೈ ಹಿಡಿದು ಫೋನಿನ ಹೊಟ್ಟೆಗೆ ಕಾಮಿಕ್ಸ್ ತುಂಬಿಕೊಳ್ಳುತ್ತಾರೆ. ಇದು ನಾನೇ ಶುರು ಮಾಡಿದ್ದು. ನನಗೂ ಕಾಮಿಕ್ಸಿನ ಹುಚ್ಚು ಇದೆ, ಮುಚ್ಚಿಡುವುದೇಕೆ? ಆದರೆ ಕದ್ದ ಮಾಲು ಮುಟ್ಟುವುದಿಲ್ಲ. ಬರೆದವರೇ 'ತೆಗೆದುಕೊಳ್ಳಿ' ಎಂದು ಬಿಟ್ಟಿಯಾಗಿ ಹಾಕಿದ್ದನ್ನು ಮಾತ್ರ ಇಳಿಸುತ್ತೇನೆ.

ಇಳಿಸುವ ತಂತ್ರಾಂಶವನ್ನು ನಾನು ಒಂದು ಕಂಟೇನರಿನೊಳಗೆ ಓಡಿಸುತ್ತೇನೆ. ಕಂಟೇನರ್ ಎಂದ ಕೂಡಲೇ ಇಲ್ಲಿಯವರಿಗೆ ಮೀನು ಹೇರುವ ಲಾರಿಯೇ ನೆನಪಾಗುವುದು. ಇದು ಅದಲ್ಲ. ಕಂಪ್ಯೂಟರಿನೊಳಗೇ ಒಂದು ತಂತ್ರಾಂಶಕ್ಕೆ ಬೇರೆ ಕೋಣೆ ಕಟ್ಟಿಕೊಟ್ಟ ಹಾಗೆ. ಅದಕ್ಕೆ ಬೇಕಾದ ಸಾಮಾನೆಲ್ಲ ಒಳಗೇ ಇರುತ್ತದೆ, ಐಸಿನ ಲೆಕ್ಕಕ್ಕೆ ಅದು ಕೈ ಹಾಕುವ ಹಾಗಿಲ್ಲ. ಹೊರಗಿನ ಎರಡು ಫೋಲ್ಡರುಗಳಿಗೆ ಮಾತ್ರ ಅದಕ್ಕೆ ಬಾಗಿಲು. ಒಂದರಲ್ಲಿ ಇಳಿಸಿದ ಕಾಮಿಕ್ಸ್ ಬಂದು ಬೀಳುತ್ತವೆ. ಇನ್ನೊಂದು ಸಣ್ಣದು. ಯಾವ ಯಾವ ಕಾಮಿಕ್ಸಿನ ಮೇಲೆ ಕಣ್ಣಿಡಬೇಕು, ಎಲ್ಲಿಯವರೆಗೆ ಬಂದಿದೆ, ಮುಂದೆ ಯಾವುದು ಬರಬೇಕು, ಆ ನೆನಪೆಲ್ಲ ಅದರಲ್ಲಿ. ಕಂಟೇನರನ್ನೇ ಕಿತ್ತು ಬಿಸಾಡಿ ಹೊಸದು ಕಟ್ಟಿದರೂ ಈ ಎರಡು ಫೋಲ್ಡರ್ ಉಳಿದಿದ್ದರೆ ಸಾಕು, ಎಲ್ಲ ಮೊದಲಿನಂತೆಯೇ ನಡೆಯುತ್ತದೆ.

ಬಂದರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುವ ಕಾಮಿಕ್ಸ್ 'ಶೆಟ್ಲಿ ಸಾವಿತ್ರಿ'. ಸಾವಿತ್ರಿ ಎಂದರೆ ಶೆಟ್ಲಿ, ಅಂದರೆ ಸಿಗಡಿ, ಬಂಗಡೆ ಎಲ್ಲ ಬುಟ್ಟಿಯಲ್ಲಿ ಹೊತ್ತು ಕುಮಟೆಯಿಂದ ಭಟ್ಕಳದವರೆಗೆ ಬಸ್ಸಿನಲ್ಲಿ ಓಡಾಡುವ ಹೆಂಗಸು. ವಾರಕ್ಕೊಂದು ಕಂತು, ಕಂತಿಗೊಂದು ಜಗಳ. ಒಮ್ಮೆ ಕಂಡಕ್ಟರನ ಜೊತೆ, ಒಮ್ಮೆ ಬ್ಯಾಂಕಿನವನ ಜೊತೆ. ಅದರಲ್ಲಿ ಮೀಸೆ ತಾಂಡೇಲ ಎಂದು ಒಬ್ಬನಿದ್ದಾನೆ, ಬೋಟು ನಡೆಸುವವನು, ಸದಾ ಮುಖ ಊದಿಸಿಕೊಂಡು ಬೆನ್ನು ತಿರುಗಿಸಿ ನಿಲ್ಲುವವನು. ಅವನು ಯಾರೆಂದು ತದಡಿಯ ಕಾಗೆಗೂ ಗೊತ್ತು. ನಮ್ಮ ಬೀರಣ್ಣ.

ಬರೆಯುವವಳು ಬೀರಣ್ಣನ ಒಬ್ಬಳೇ ಮಗಳು ಧನ್ಯಾ. ತಾಯಿ ಸಣ್ಣಂದಿನಲ್ಲೇ ಹೋದಳು. ಬೀರಣ್ಣ, ಅವನ ಅಕ್ಕ ಹನುಮಕ್ಕ ಸೇರಿ ಸಾಕಿದ ಹುಡುಗಿ. ಆಕೆ ಅನೂಪನೆಂಬ ತೋಟದ ಮನೆಯ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಅನೂಪ ಭಟ್ಕಳದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು, ಒಳ್ಳೆಯ ಹುಡುಗ, ಜಾತಿ ಬೇರೆ. ಬೀರಣ್ಣನಿಗೆ ಜಾತಿಯದ್ದು ಅಷ್ಟು ನೋವಾಗಲಿಲ್ಲ ಎಂದೇ ನಾನು ಹೇಳುತ್ತೇನೆ. ಅವನು ಸಮುದ್ರದಲ್ಲಿದ್ದಾಗ ಮದುವೆ ಆಗಿಹೋಯಿತು. ಬೋಟನ್ನು ದಕ್ಕೆಯ ಕಟ್ಟೆಗೆ ತಾಗಿಸಿ ಹಗ್ಗ ಕಟ್ಟುವಾಗ ಮೀನು ಕೊಳ್ಳಲು ಬಂದ ಹೆಂಗಸೊಬ್ಬಳು 'ಅಳಿಯ ಹೇಗಿದ್ನೋ' ಎಂದು ಕೇಳಿದಳು. ಬಂದರಿಗೆಲ್ಲ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ಆ ಅವಮಾನ ಅವನಿಗೆ ತಡೆಯಲಾಗಲಿಲ್ಲ. ಅಂದೇ ಹೋಗಿ ಊರು ಕಾಯುವ ದೈವ ಜಟಗನ ಕಟ್ಟೆಯ ಮೇಲೆ ಕಾಯಿ ಇಟ್ಟು ಆಣೆ ಹಾಕಿದ. ಅವಳ ದನಿ ತನ್ನ ಕಿವಿಗೆ ಬೀಳಬಾರದು, ತಾನು ಅವಳಿಗೆ ಒಂದು ಮಾತೂ ಆಡಬಾರದು, ತನ್ನ ಹೊಸ್ತಿಲು ಅವಳು ತುಳಿಯಬಾರದು, ತನ್ನ ಮನೆಯಲ್ಲಿ ಉಂಡವರು ಯಾರೂ ಅವಳ ಜೊತೆ ಮಾತಾಡಬಾರದು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಸಿಟ್ಟು ಇಳಿಯಿತು, ಆಣೆ ಉಳಿಯಿತು. ಇದನ್ನು ಹೊರಗಿನವರು ನಕ್ಕು ಬಿಡಬಹುದು. ಆದರೆ ಜಟಗನ ಮುಂದಿನ ಆಣೆ ಮುರಿದವನು ಬೋಟು ಹತ್ತಿದರೆ ಅವನಿಗಲ್ಲ, ಅವನ ಜೊತೆಯವರಿಗೆ ಕೇಡು ಎಂದು ಬೋಟಿನವರು ನಂಬುತ್ತಾರೆ. ಆಣೆ ಬಿಡಿಸಿಕೊಳ್ಳಲು ದಾರಿ ಇಲ್ಲದಿಲ್ಲ. ಬೇಸಿಗೆಯ ಕೊನೆಗೆ ಜಟಗನ ಹಬ್ಬದ ದಿನ ತಪ್ಪುಕಾಣಿಕೆ ಹಾಕಬೇಕು. ಆದರೆ ಮುರಿದ ದಿನದಿಂದ ಆ ಹಬ್ಬದವರೆಗೆ ಅವನು ನೀರಿಗೆ ಇಳಿಯುವ ಹಾಗಿಲ್ಲ. ಎಂದರೆ ಇಡೀ ಮೀನಿನ ಹಂಗಾಮು ದಡದಲ್ಲಿ ಕೂರಬೇಕು. ಗಡ್ಡ ಬರುವ ಮೊದಲೇ ಸಮುದ್ರಕ್ಕೆ ಹೋದವನು, ಜ್ವರ ಬಂದರೂ ಒಂದು ಟ್ರಿಪ್ಪು ತಪ್ಪಿಸದವನು ಬೀರಣ್ಣ.

ಅಪ್ಪ ಮಗಳ ನಡುವೆ ಮಾತಿಲ್ಲದೆ ಹೀಗೇ ಉಳಿಯುತ್ತಿತ್ತೋ ಏನೋ. ನಾನು ಶೆಟ್ಲಿ ಸಾವಿತ್ರಿಯನ್ನು ಪಟ್ಟಿಗೆ ಸೇರಿಸಿದೆ. ಬೀರಣ್ಣ ಮೊದಲ ಕಂತು ಓದಿದ ದಿನ ಮೀಸೆ ತಾಂಡೇಲನನ್ನು ನೋಡಿ ಗಂಟಲಲ್ಲೇ ನಕ್ಕಿದ್ದು ನನಗೆ ಕೇಳಿಸಿತು. ಓದುವುದಕ್ಕೆ ಆಣೆಯಲ್ಲಿ ಅಡ್ಡಿ ಇರಲಿಲ್ಲ. ಮುಂದಿನ ಟ್ರಿಪ್ಪಿಗೆ ಕಿಟಕಿಗೆ ಬಂದು ಆಚೆ ನೋಡುತ್ತ, "ಆ ಶೆಟ್ಲಿ ಹೊಸದು ಬಂತನ?" ಎಂದ. ಅಲ್ಲಿಂದ ಮುಂದೆ ಪ್ರತಿ ಟ್ರಿಪ್ಪಿಗೂ ಅದೇ ಮಾತು.

ಧನ್ಯಾ ಹೊನ್ನಾವರದಲ್ಲಿ ಬಾಡಿಗೆ ಮನೆಯಲ್ಲಿ ಇದ್ದಾಳೆ. ನಮ್ಮ ತಂತ್ರಾಂಶ ಅವಳ ಜಾಲತಾಣದಿಂದ ಕಂತು ಇಳಿಸುವಾಗ ತನ್ನ ಹೆಸರು ಹೇಳಿಕೊಳ್ಳುತ್ತದೆ. ನಾನು ಇಟ್ಟ ಹೆಸರು 'ತದಡಿ ಐಸ್'. ಅವಳಿಗೆ ಅದು ಕಾಣಿಸುತ್ತದೆ. ತದಡಿ ಐಸ್ ಬಂದು ಹೋಯಿತು ಎಂದರೆ ಅಪ್ಪ ಓದುತ್ತಾನೆ ಎಂದು ಅವಳ ಲೆಕ್ಕ. ಒಮ್ಮೆ ಸಾವಿತ್ರಿಗೆ ನೊಗಲಿ ಮೀನು ತಿನ್ನುವ ಆಸೆಯಾಗುವ ಕಂತು ಬಂತು. ಮುಂದಿನ ಟ್ರಿಪ್ಪು ಮುಗಿದ ದಿನ ಹೊನ್ನಾವರಕ್ಕೆ ಹೋಗುವ ಲಾರಿಯಲ್ಲಿ ಒಂದು ಪೆಟ್ಟಿಗೆ ನೊಗಲಿ ಹೋಯಿತು. ಯಾರು ಕೊಟ್ಟದ್ದು ಎಂದು ಧನ್ಯಾ ಕೇಳಿದರೆ, 'ಐಸ್ ಪ್ಲಾಂಟಿಂದ' ಎಂದು ಡ್ರೈವರ್ ಹೇಳಿದನಂತೆ. ನಾನಂತೂ ಯಾರಿಗೂ ಮೀನು ಕಳಿಸಿದವಳಲ್ಲ. ಹಾಗೆ ಮಗಳು ಚಿತ್ರ ಬರೆಯುವುದು, ಅಪ್ಪ ಮೀನು ಕಳಿಸುವುದು, ನಡುವೆ ನನ್ನ ಕಂಟೇನರು.

ಅಷ್ಟರಲ್ಲಿ ಆಯುಧ ಪೂಜೆ ಬಂತು.

ನಮ್ಮ ಯಜಮಾನರು ವಿಶ್ವನಾಥಣ್ಣ. ಹಬ್ಬದ ಮೊದಲು ಅವರಿಗೆ ತೊಳೆಯುವ ಹುಚ್ಚು ಹಿಡಿಯುತ್ತದೆ. ಕಂಪ್ರೆಸರ್ ತೊಳೆಸಿ, ಕ್ರಷರ್ ತೊಳೆಸಿ, ಐಸಿನ ಕ್ಯಾನುಗಳನ್ನೆಲ್ಲ ಉಜ್ಜಿಸಿ, ಗೊಂಡೆ ಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆಸಿದರೆ ಅವರಿಗೆ ಸಮಾಧಾನ. ನಾನು ಮನೆ ಸಾರಿಸುವುದಿದೆ ಎಂದು ರಜೆ ಹಾಕಿದ್ದೆ. ಮರುದಿನ ಬಂದು ನೋಡಿದರೆ ಕಂಪ್ಯೂಟರಿಗೂ ಕುಂಕುಮ ಹಚ್ಚಿತ್ತು, ಪರದೆಯ ಮೇಲೆ ಬೆರಳಿನ ಗುರುತು ಸಹಿತ. ಒರೆಸಿಕೊಂಡು ಕೆಲಸ ಶುರು ಮಾಡಿದೆ. ಕಂಟೇನರ್ ಓಡುತ್ತಿತ್ತು, ಹಸಿರು ದೀಪ ಇತ್ತು, ಹಳೆಯ ಕಾಮಿಕ್ಸೆಲ್ಲ ಇದ್ದವು. ಅನುಮಾನ ಬರುವಂಥದ್ದು ಏನೂ ಇರಲಿಲ್ಲ.

ಬೀರಣ್ಣನ ಬೋಟು ಬಂತು. "ಶೆಟ್ಲಿ ಹೊಸದು ಬಂತನ?"

"ಇಲ್ಲ ಬೀರಣ್ಣ."

ಇನ್ನೊಂದು ಟ್ರಿಪ್ಪು ಮುಗಿಸಿ ಬಂದ. ಆಗಲೂ ಇಲ್ಲ. ಧನ್ಯಾ ಬಸುರಿ ಎಂದು ನನಗೆ ಗೊತ್ತಿತ್ತು. ಕೂತು ಬರೆಯಲು ಆಗುತ್ತಿಲ್ಲವೇನೋ ಎಂದುಕೊಂಡೆ. ದೀಪಾವಳಿಯ ಗಡಿಬಿಡಿ ಬೇರೆ. ಉಳಿದ ಬೋಟಿನವರೂ ಹೊಸದೇನೂ ಇಲ್ಲ ಎಂದು ಗೊಣಗಿದರು, ಯಾವಾಗಿನ ಕೊಂಕೇ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೀರಣ್ಣನಿಗೆ ಅವಳು ಬಸುರಿ ಎಂದು ನಾನು ಹೇಳಿರಲಿಲ್ಲ. ಅವರಿಬ್ಬರ ನಡುವಿನ ಮಾತು ನಾನು ಆಡಬಾರದು ಎಂದು ನನ್ನದೊಂದು ನಿಯಮ. ಮೂರನೆಯ ಸಲ ಅವನು ಕಿಟಕಿಗೆ ಬರಲೇ ಇಲ್ಲ. ಬೋಟಿನಲ್ಲಿ ಅವನ ಬಲಗೈಯಂತಿದ್ದ ತಿಮ್ಮ ಬಂದು, "ನೇತ್ರಕ್ಕ, ಅಣ್ಣಗೆ ಎಂತ ಆತು ಗೊತ್ತಿಲ್ಲ. ಕೂತ್ರೂ ಬೈತ, ನಿಂತ್ರೂ ಬೈತ. ಊಟಾನೂ ಸಮ ಮಾಡೂದಿಲ್ಲ," ಎಂದ. ಪಾಪ ಅನ್ನಿಸಿತು. ಮಗಳು ತನ್ನನ್ನು ಮರೆತಳು ಎಂದು ಅವನು ತಿಳಿದಿದ್ದ.

ಅವನ ಬೋಟು ಮೀನು ಇಳಿಸಿ ಐಸಿಗೆ ಬರಬೇಕಾದ ದಿನವೇ, ಬೆಳಿಗ್ಗೆ, ಧನ್ಯಾ ಆಫೀಸಿನ ಬಾಗಿಲಲ್ಲಿ ಬಂದು ನಿಂತಳು. ತುಂಬು ಬಸುರಿನ ಹೊಟ್ಟೆ, ಬಾತ ಕಾಲು. ಬಸ್ಸಿಳಿದು ಚೀಲ ಹಿಡಿದು ನಡೆದೇ ಬಂದಿದ್ದಳು. ಕೂರಿಸಿ ನೀರು ಕೊಟ್ಟೆ.

"ಅಕ್ಕ, ಅಪ್ಪ ಓದೂದು ಬಿಟ್ರ?"

"ಓದೂಕೆ ನೀನು ಬರಿಬೇಕಲ್ಲೆ? ಹಬ್ಬದಿಂದ ಈಚೆ ಒಂದೂ ಬಂದಿಲ್ಲ!"

"ಎಂತ ಹೇಳ್ತ್ರಿ? ಒಂದು ವಾರನೂ ತಪ್ಪಿಸ್ಲಿಲ್ಲ ನಾನು. ತದಡಿ ಐಸೇ ಬರ್ಲಿಲ್ಲ."

ಅವಳು ಫೋನು ತೆಗೆದು ಕೊನೆಯ ಕಂತು ತೋರಿಸಿದಳು. ಸಾವಿತ್ರಿ ಬಸ್ಸಿನಲ್ಲಿ ಕೂತಿದ್ದಾಳೆ, ಪಕ್ಕದಲ್ಲಿ ಒಬ್ಬ ಬಸುರಿ ಹುಡುಗಿ. 'ಚೊಚ್ಚಲ ಹೆರಿಗೆ ಯಾರ ಮನೇಲೆ?' ಎನ್ನುತ್ತಾಳೆ ಸಾವಿತ್ರಿ. 'ಕರೆದವರ ಮನೇಲಿ.' 'ಯಾರು ಕರೆದ್ರು?' ಹುಡುಗಿ ಕಿಟಕಿಯ ಆಚೆ ನೋಡುತ್ತಾಳೆ. ಅಲ್ಲಿ ದೂರದಲ್ಲಿ ಮೀಸೆ ತಾಂಡೇಲ ಬೆನ್ನು ತಿರುಗಿಸಿ ನಿಂತಿದ್ದಾನೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಆದರೆ ತವರಿನವರು ಬಂದು ಕರೆಯದೆ ಹೆಣ್ಣು ತಾನಾಗಿ ಹೋಗಿ ನಿಲ್ಲುವುದಿಲ್ಲ. ಇವಳು ಕೇಳಿದ್ದಳು, ತನಗೆ ಉಳಿದಿದ್ದ ಒಂದೇ ದಾರಿಯಲ್ಲಿ ಕೇಳಿದ್ದಳು. ಮೀನೂ ಬರಲಿಲ್ಲ, ತದಡಿ ಐಸೂ ಬರಲಿಲ್ಲ.

"ಅನೂಪನ ಅಮ್ಮ ತೋಟದ ಮನೆಗೆ ಕರೀತಿದ್ರು," ಎಂದಳು ಧನ್ಯಾ. "ನಾಳೆ ಹೋಗೂದು ಅಂತ ಆಗ್ಯದೆ. ಅಪ್ಪ ಬ್ಯಾಡ ಅಂದ್ರೆ ಬ್ಯಾಡ ಅಕ್ಕ, ನಾ ಹೋಗ್ತೆ. ಆದ್ರೆ ಓದಿ ಸುಮ್ನಾದ್ರ, ಓದಲೇ ಇಲ್ವ, ಅದೊಂದು ಗೊತ್ತಾಗ್ಬೇಕು. ಫೋನಲ್ಲಿ ಕೇಳೂಕೆ ಮನಸ್ಸು ಬರ್ಲಿಲ್ಲ."

ನಾನು ಕಂಪ್ಯೂಟರಿಗೆ ಕೂತೆ. ಕಂಟೇನರ್ ಚೆನ್ನಾಗಿಯೇ ಓಡುತ್ತಿತ್ತು. ಒಳಗೆ ಹೊಕ್ಕು ನೋಡಿದರೆ ಯಾವ ಕಾಮಿಕ್ಸಿನ ಹೆಸರೂ ಅದರ ಪಟ್ಟಿಯಲ್ಲಿ ಇಲ್ಲ. ಸಣ್ಣ ಫೋಲ್ಡರ್ ತೆರೆದೆ. ಇದ್ದದ್ದೆಲ್ಲ ಹೊಸದು, ಹಬ್ಬದ ದಿನ ಹುಟ್ಟಿದ್ದು. ಹಳೆಯ ನೆನಪು ಕಾಣದೆ ಹೋದಾಗ ತಂತ್ರಾಂಶ ಯಾರನ್ನೂ ಕೇಳದೆ ಖಾಲಿ ನೆನಪೊಂದನ್ನು ಮಾಡಿಕೊಂಡು, ಹುಡುಕುವುದು ಏನೂ ಇಲ್ಲದೆ ಆರಾಮಾಗಿ ಇಷ್ಟು ದಿನ ಓಡಿದೆ.

"ವಿಶ್ವನಾಥಣ್ಣ!" ಎಂದು ಕೂಗಿದ ನನ್ನ ದನಿಗೆ ಅವರು ಚಹದ ಲೋಟ ಹಿಡಿದೇ ಓಡಿ ಬಂದರು. "ಈ ಫೋಲ್ಡರಲ್ಲಿ ಇದ್ದದ್ದು ಎಂತಾತು?"

"ಯಾವ್ದು? ಆ ಕಸವ? ಹಬ್ಬಕ್ಕೆ ಎಲ್ಲ ಗುಡ್ಸಿದ್ನಲ್ಲ, ಕಂಪ್ಯೂಟರೂ ಆಯುಧ ಅಲ್ವ? ಒಳಗಿಂದ ಗುಡ್ಸಿದೆ."

"ಅದು ಕಸ ಅಂತ ನಿಮ್ಗೆ ಯಾರು ಹೇಳಿದ್ರು?"

"ಓದೂಕೆ ಬರ್ಲಿಲ್ಲ. ಕಸ ಅಲ್ದೆ ಮತ್ತೆಂತ? ಬೊಂಬೆ ಇದ್ದದ್ದನ್ನ ನಾ ಮುಟ್ಟಲೇ ಇಲ್ಲ ಮಾರಾಯ್ತಿ, ಜನ ಓದ್ತ್ರು ಅಂತ."

"ಓದೂಕೆ ಬರದೆ ಇದ್ದದ್ದೆಲ್ಲ ಕಸ ಆದ್ರೆ ನಿಮ್ಮ ಕರೆಂಟ್ ಬಿಲ್ಲೂ ಕಸವೇ! ಅದನ್ನೂ ಗುಡ್ಸಿ ಹಾಕ್ಬೇಕಾಗಿತ್ತು!"

ಸಂಬಳ ಕೊಡುವವರಿಗೆ ಹಾಗೆ ಹೇಳಬಾರದಿತ್ತು. ಹೇಳಿಬಿಟ್ಟೆ. ಅವರು ಧನ್ಯಾಳ ಮುಖ ನೋಡಿದರು, ಅವಳ ಹೊಟ್ಟೆ ನೋಡಿದರು, ಚಹದ ಲೋಟ ಮೇಜಿನ ಮೇಲಿಟ್ಟು, "ನಂಗೆ ಗೊತ್ತಾಗ್ಲಿಲ್ಲ," ಎಂದು ಹೊರಗೆ ಹೋದರು. ಒಳ್ಳೆಯ ಮನುಷ್ಯ, ಬೈದಿದ್ದಕ್ಕೆ ನನಗೂ ಬೇಜಾರಾಯಿತು. ಆದರೆ ಬೈಯದೆ ಇರಲಾಗುತ್ತಿರಲಿಲ್ಲ.

ಶೆಟ್ಲಿ ಸಾವಿತ್ರಿಯನ್ನು ಪಟ್ಟಿಗೆ ಮತ್ತೆ ಸೇರಿಸಿದೆ. ತಪ್ಪಿದ ಕಂತುಗಳೆಲ್ಲ ಒಂದರ ಹಿಂದೆ ಒಂದು ಬಂದು ಬಿದ್ದವು. ಧನ್ಯಾಳ ಫೋನಿನಲ್ಲಿ ತದಡಿ ಐಸ್ ಕಾಣಿಸಿಕೊಂಡಿತು. ಅವಳು ಅದನ್ನೇ ನೋಡುತ್ತ ಕೂತಳು.

ಮಧ್ಯಾಹ್ನ ಬೀರಣ್ಣನ ಬೋಟು ಐಸಿಗೆಂದು ಬಂದು ನಿಂತಿತು. ಧನ್ಯಾಳಿಗೆ ಒಳಗೇ ಇರು ಎಂದು ಸನ್ನೆ ಮಾಡಿ ನಾನು ಹೊರಗೆ ಹೋದೆ. ಕ್ರಷರಿನ ಗದ್ದಲ. ಬೀರಣ್ಣನ ಕಿವಿಯ ಹತ್ತಿರ ಕೂಗಿದೆ. "ಶೆಟ್ಲಿ ಬಂದದೆ! ತಪ್ಪು ನಮ್ಮ ಕಂಪ್ಯೂಟರಿಂದು, ಅವಳು ಬರೀತಾನೇ ಇದ್ದಳು!"

ಅವನು ಒದ್ದೆ ಕೈಯನ್ನು ಲುಂಗಿಗೆ ಒರೆಸಿ, ಫೋನು ತೆಗೆದು, ಗೋಡೆಗೆ ಒರಗಿ ನಿಂತು ಓದತೊಡಗಿದ. ಮೊದಲ ಕಂತಿಗೆ ಮೀಸೆ ಅಲುಗಿತು. ಎರಡನೆಯದಕ್ಕೆ ಗಟ್ಟಿಯಾಗಿಯೇ ನಕ್ಕ. ಕೊನೆಯದಕ್ಕೆ ಬಂದ. ಒಮ್ಮೆ ಓದಿ, ಮತ್ತೆ ಮೇಲಿನಿಂದ ಓದಿದ. ಆ ಬಸುರಿ ಹುಡುಗಿಯ ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದ.

ಐಸು ತುಂಬಿ ಮುಗಿಯಿತು. ಕ್ರಷರ್ ನಿಂತಿತು. ಕಿವಿಗೆ ಒಮ್ಮೆಲೇ ಏನೂ ಕೇಳದ ಹಾಗಾಯಿತು.

"ಹೊನ್ನಾವರಕ್ಕೆ ಲಾರಿ ಯಾವಾಗ ಹೋಗ್ತದೆ?" ಎಂದ ಬೀರಣ್ಣ.

ನನಗೆ ಮೈಯೆಲ್ಲ ಉರಿದುಹೋಯಿತು. ನಿಯಮ ಗಿಯಮ ಎಲ್ಲ ಮರೆತೆ. "ಮೀನು ಕಳ್ಸಿ ಬಾಣಂತನ ಮಾಡ್ಸೂಕಾಗ್ತದ ಬೀರಣ್ಣ? ಅದು ನೊಗಲಿ ಕೇಳ್ಲಿಲ್ಲ ಈ ಸಲ. ಅಪ್ಪ ಕರೀತನ ಅಂತ ಕೇಳ್ತದೆ. ನಾಳೆ ಅತ್ತೆ ಮನೆಗೆ ಹೋಗ್ತದಂತೆ. ಕಲ್ಲಾದ್ರೂ ಕರಗ್ತಿತ್ತು!"

"ಬಾಯಿ ಮಾಡ್ಬೇಡ," ಎಂದ ಅವನು, ಮೆಲ್ಲಗೆ. "ನಂಗೆ ಕರೀಬೇಕು ಅಂತ ಇಲ್ಲ ಅಂದ್ಕಂಡ್ಯ? ಆಣೆ ಅದೆ. ನಂಗೆ ಎಂತಾರೂ ಆಗ್ಲಿ, ಬೋಟಲ್ಲಿ ಹುಡುಗ್ರು ಅವ್ರೆ. ಆಣೆ ಮುರ್ದು ಅವ್ರನ್ನ ಕಟ್ಕಂಡು ನೀರಿಗೆ ಹೋಗೂದು ಹ್ಯಾಂಗೆ?"

ಆಗಲೇ ಆಫೀಸಿನ ಬಾಗಿಲು ಕಿರ್ರೆಂದಿತು. ಕ್ರಷರ್ ನಿಂತ ಮೇಲೆ ಆಡಿದ ಮಾತೆಲ್ಲ ಒಳಗೆ ಕೇಳಿಸಿರಬೇಕು. ಧನ್ಯಾ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೆ ಬಾಯಿಗೆ ಸೆರಗು ಅದುಮಿ ಹಿಡಿದಿದ್ದಳು. ತನ್ನ ದನಿ ಅಪ್ಪನ ಕಿವಿಗೆ ಬೀಳಬಾರದಲ್ಲ, ಅವನು ಸಮುದ್ರಕ್ಕೆ ಹೋಗುವವನಲ್ಲವೇ. ಅವನ ಆಣೆಯನ್ನು ಅವಳು ಕಾಯುತ್ತಿದ್ದಳು.

ಬೀರಣ್ಣ ನೋಡಿದ. ಪೂರ್ತಿ ನೋಡಿದ, ತಲೆಯಿಂದ ಕಾಲಿನವರೆಗೆ. ತುಟಿ ಅಲುಗಿತು, ಮಾತು ಬಿಡಲಿಲ್ಲ. ಬೋಟಿನ ಕಡೆ ತಿರುಗಿದ. ಮುಗಿಯಿತು, ಇವನು ಹೋಗಿಯೇಬಿಡುತ್ತಾನೆ ಎಂದು ನಾನು ಹಲ್ಲು ಕಚ್ಚಿದೆ.

"ತಿಮ್ಮಾ," ಎಂದು ಕೂಗಿದ ಅವನು. "ಬೋಟು ನೀ ತಕಂಡು ಹೋಗು. ನಾ ಬರೂದಿಲ್ಲ."

"ಎಂತಕೆ ಅಣ್ಣ? ಮೈ ಸಮ ಇಲ್ವ?"

"ಈ ಹಂಗಾಮು ನೀನೇ ನಡ್ಸು. ಹೋಗು, ಇಳಿತ ಶುರುವಾದ್ರೆ ಅಳಿವೆ ಬಾಯಲ್ಲಿ ಕಷ್ಟ. ಹಗ್ಗ ಬಿಚ್ಚು."

ತಿಮ್ಮ ಬಾಗಿಲಿನಲ್ಲಿ ನಿಂತವಳನ್ನು ಕಂಡ. ಮತ್ತೆ ಒಂದು ಮಾತೂ ಕೇಳದೆ ಹಗ್ಗ ಬಿಚ್ಚಿದ. ಎಂಜಿನ್ ಶುರುವಾಯಿತು. ಬೀರಣ್ಣ ದಕ್ಕೆಯ ತುದಿಗೆ ಹೋಗಿ ನಿಂತ. ನಮಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ನಾನೂ ಧನ್ಯಾಳೂ ನೋಡುತ್ತ ನಿಂತಿದ್ದೆವು, ವಿಶ್ವನಾಥಣ್ಣ ಪ್ಲಾಂಟಿನ ಬಾಗಿಲಲ್ಲಿ ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಬೋಟು ಅಘನಾಶಿನಿಯ ನೀರಿನಲ್ಲಿ ಸಣ್ಣದಾಗುತ್ತ ಹೋಯಿತು. ಆ ಹುಡುಗರು ಅಳಿವೆ ದಾಟಿ ಕಡಲಿಗೆ ಸೇರುವವರೆಗೂ ಅವನು ಬಾಯಿ ತೆರೆಯಲಿಲ್ಲ, ಈ ಕಡೆ ತಿರುಗಲೂ ಇಲ್ಲ.

ಆಮೇಲೆ ತಿರುಗಿ ನೇರ ಬಂದು ಮಗಳ ಕೈಯಿಂದ ಚೀಲ ತೆಗೆದುಕೊಂಡ.

"ಎಷ್ಟೊತ್ತು ನಿಲ್ತೆ? ಕಾಲು ಬಾತದೆ ನೋಡು. ನಡಿ, ಮನೆಗೆ ಹೋಗ್ವ," ಎಂದ.

ಧನ್ಯಾ ಬಾಯಿಂದ ಸೆರಗು ತೆಗೆದಳು.

"ಆತು ಅಪ್ಪಾ," ಎಂದಳು.